ನಾಯಿಗೆ ಕುಶಿಂಗ್ ಕಾಯಿಲೆ: ಯಾವ ಔಷಧಿ, ಯಾವ ಪರೀಕ್ಷೆ, ಖರ್ಚು ಎಲ್ಲಿ ಉಳಿಸಬಹುದು

ವಯಸ್ಸಾದ ನಾಯಿ ಜಾಸ್ತಿ ನೀರು ಕುಡಿಯಲು ಶುರು ಮಾಡಿದರೆ ನಮ್ಮ ಕಡೆ "ಬಿಸಿಲು ಅಲ್ವಾ" ಅಂತಾರೆ. ಹೊಟ್ಟೆ ಜೋತುಬಿದ್ದರೆ ತಿಂದು ದಪ್ಪ ಆಗಿದೆ ಅಂತಾರೆ. ಮೈಮೇಲಿನ ಕೂದಲು ಎರಡೂ ಪಕ್ಕೆಯಲ್ಲಿ ಒಂದೇ ಥರ ಉದುರಿದರೆ ವಯಸ್ಸಿನ ಲೆಕ್ಕಕ್ಕೆ ಹಾಕಿಬಿಡುತ್ತಾರೆ. ಇವೆಲ್ಲ ಒಟ್ಟಿಗೆ ಬಂದು, ಜೊತೆಗೆ ಎಷ್ಟು ಹಾಕಿದರೂ ತೀರದ ಹಸಿವು, ಸುಮ್ನೆ ಮಲಗಿದ್ದಾಗಲೂ ಏದುಸಿರು, ರಾತ್ರಿ ಮನೆಯೊಳಗೇ ಮೂತ್ರ ಮಾಡುವುದು ಇದ್ದರೆ ಕುಶಿಂಗ್ ಕಾಯಿಲೆಯ ಬಗ್ಗೆ ಡಾಕ್ಟರನ್ನು ಕೇಳಲೇಬೇಕು.

ಕಿಡ್ನಿಗಳ ಹತ್ತಿರ ಅಡ್ರಿನಲ್ ಅಂತ ಎರಡು ಸಣ್ಣ ಗ್ರಂಥಿಗಳಿವೆ. ಅವು ಕಾರ್ಟಿಸೋಲ್ ಎಂಬ ಹಾರ್ಮೋನನ್ನು ಮಾಡುತ್ತವೆ. ಅದು ಮೈಗೆ ಬೇಕೇ ಬೇಕು. ಆದರೆ ಅಳತೆ ಮೀರಿ, ತಿಂಗಳುಗಟ್ಟಲೆ ಸುರಿಯುತ್ತಲೇ ಇದ್ದರೆ ಮೇಲೆ ಹೇಳಿದ್ದೆಲ್ಲ ಶುರುವಾಗುತ್ತದೆ. 1932ರಲ್ಲಿ ಮನುಷ್ಯರಲ್ಲಿ ಈ ಕಾಯಿಲೆಯನ್ನು ವಿವರಿಸಿದ ಅಮೆರಿಕದ ಶಸ್ತ್ರವೈದ್ಯ ಹಾರ್ವೇ ಕುಶಿಂಗ್ ಹೆಸರೇ ನಾಯಿಗಳ ಕಾಯಿಲೆಗೂ ಉಳಿದಿದೆ.

ಹೆಚ್ಚಿನ ನಾಯಿಗಳಲ್ಲಿ ಇದು ವಾಸಿಯಾಗಿ ಹೋಗುವ ಕಾಯಿಲೆ ಅಲ್ಲ. ಹಿಡಿತದಲ್ಲಿ ಇಟ್ಟುಕೊಳ್ಳುವ ಕಾಯಿಲೆ. ಔಷಧಿ ಬದುಕಿರುವ ತನಕ ಬೇಕು. ಸರಿಯಾಗಿ ಚಿಕಿತ್ಸೆ ಸಿಕ್ಕ ನಾಯಿಗಳು ಸಾಮಾನ್ಯವಾಗಿ ಎರಡು ವರ್ಷದ ಆಸುಪಾಸು ಬದುಕುತ್ತವೆ. ಶುರುವಾಗುವಾಗಲೇ ಅವಕ್ಕೆ ಹತ್ತು ಹನ್ನೊಂದು ವಯಸ್ಸಾಗಿರುತ್ತದೆ ಅನ್ನೋದೂ ಇದಕ್ಕೆ ಒಂದು ಕಾರಣ. ಇನ್ನೂ ಹೆಚ್ಚು ಕಾಲ ಚೆನ್ನಾಗಿರುವ ನಾಯಿಗಳೂ ಇವೆ. ಹಾಗಾಗಿ ಬರೀ ಮಾತ್ರೆಯ ಬೆಲೆ ನೋಡಿ ತೀರ್ಮಾನ ಮಾಡಬೇಡಿ. ಮಾತ್ರೆ, ರಕ್ತ ಪರೀಕ್ಷೆ, ಬೆಂಗಳೂರಿಗೆ ಓಡಾಟ ಎಲ್ಲ ಸೇರಿಸಿ, ಎರಡು ವರ್ಷ ನಿಲ್ಲಿಸದೆ ನಡೆಸಲು ಆಗುವ ದಾರಿ ಯಾವುದು ಅಂತ ನೋಡಿ. ನಾನು ತುಮಕೂರಿನಲ್ಲಿ ಕೂತು, ನಮ್ಮ ಸ್ಪಿಟ್ಜ್ ಪಿಂಕಿಗೆ ಔಷಧಿ ಕೊಡುತ್ತಾ ಈ ಲೆಕ್ಕ ಹಾಕಿದವಳು. ಕೋಲಾರ, ಚಿಕ್ಕಬಳ್ಳಾಪುರದವರಿಗೂ ಲೆಕ್ಕ ಹೆಚ್ಚುಕಮ್ಮಿ ಇದೇ.

ಮೊದಲು ಕಾಸು ಖರ್ಚಿಲ್ಲದ ಒಂದು ಪ್ರಶ್ನೆ

ಕಳೆದ ಕೆಲವು ತಿಂಗಳಲ್ಲಿ ನಾಯಿಗೆ ಸ್ಟೆರಾಯ್ಡ್, ಅಂದರೆ ಕಾರ್ಟಿಸೋಲ್ ಥರವೇ ಕೆಲಸ ಮಾಡುವ ಔಷಧಿ, ಕೊಟ್ಟಿದ್ದೀರಾ? ಇದಕ್ಕೆ ಉತ್ತರ ಸಿಗುವ ತನಕ ಯಾವ ದುಬಾರಿ ಪರೀಕ್ಷೆಗೂ ಹೋಗಬೇಡಿ.

ನಾಯಿ ಕೆರೆದುಕೊಳ್ಳುತ್ತಿದೆ ಅಂತ ಕರೆದುಕೊಂಡು ಹೋದರೆ ಒಂದು ಇಂಜೆಕ್ಷನ್ ಸಿಗುತ್ತದೆ. ಎರಡೇ ದಿನದಲ್ಲಿ ಕೆರೆತ ನಿಲ್ಲುತ್ತದೆ. ತಿಂಗಳಾದ ಮೇಲೆ ಮತ್ತೆ ಕೆರೆತ, ಮತ್ತೆ ಇಂಜೆಕ್ಷನ್. ಅದು ಎಷ್ಟೋ ಸಲ ಡೆಕ್ಸಾಮೆಥಾಸೋನ್ ಆಗಿರುತ್ತದೆ, ಇಲ್ಲವೇ ಪ್ರೆಡ್ನಿಸೋಲೋನ್ ಮಾತ್ರೆ ಆಗಿರುತ್ತದೆ. ಮನೆಯಲ್ಲಿ ಮನುಷ್ಯರ ಗಜಕರ್ಣಕ್ಕೆ ತಂದ ಮುಲಾಮಿನಲ್ಲೂ ಸ್ಟೆರಾಯ್ಡ್ ಇರಬಹುದು. ಕಿವಿಗೆ, ಕಣ್ಣಿಗೆ ಬಿಡುವ ಹನಿಗಳಲ್ಲೂ ಇರಬಹುದು. ಇವನ್ನೆಲ್ಲ ಬಹಳ ದಿನ ಬಳಸಿದರೆ ನಾಯಿಗೆ ಥೇಟ್ ಕುಶಿಂಗ್ ಕಾಯಿಲೆಯ ಲಕ್ಷಣಗಳೇ ಬರುತ್ತವೆ. ಅದೇ ಹೊಟ್ಟೆ, ಅದೇ ಬಾಯಾರಿಕೆ, ಅದೇ ತೆಳುವಾದ ಚರ್ಮ.

ಇಂಥ ನಾಯಿಗೆ ಕುಶಿಂಗ್ ಔಷಧಿ ಬೇಕಿಲ್ಲ. ಕೊಟ್ಟರೆ ಅಪಾಯ. ಸ್ಟೆರಾಯ್ಡನ್ನು ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸುತ್ತಾ ಬರಬೇಕು, ಅಷ್ಟೇ. ದಿಢೀರ್ ಅಂತ ನಿಲ್ಲಿಸಬಾರದು. ಹೊರಗಿನಿಂದ ಸ್ಟೆರಾಯ್ಡ್ ಬರುತ್ತಿದ್ದಾಗ ನಾಯಿಯ ಸ್ವಂತ ಗ್ರಂಥಿಗಳು ಕೆಲಸ ಬಿಟ್ಟು ಕೂತಿರುತ್ತವೆ. ಅವು ಎದ್ದೇಳಲು ಸಮಯ ಬೇಕು. ಹಳೆಯ ಚೀಟಿಗಳು, ಖಾಲಿ ಟ್ಯೂಬುಗಳು, ಮಾತ್ರೆಯ ಸ್ಟ್ರಿಪ್ಪುಗಳು ಏನಿದ್ದರೂ ಒಂದು ಕವರಿಗೆ ಹಾಕಿ ಡಾಕ್ಟರಿಗೆ ತೋರಿಸಿ. ಚೀಟಿ ಇಲ್ಲದೆ ಇಂಜೆಕ್ಷನ್ ಹಾಕಿಸಿದ್ದರೆ, ಹಾಕಿದವರಿಗೇ ಫೋನ್ ಮಾಡಿ ಹೆಸರು ಕೇಳಿ. ಕೇಳಲು ಸಂಕೋಚ ಬೇಡ.

ಪರೀಕ್ಷೆಗಳಲ್ಲಿ ಯಾವುದು ಮೊದಲು

ಮನೆಯಲ್ಲೇ ಮಾಡುವ ಒಂದು ಅಳತೆಯಿಂದ ಶುರು ಮಾಡಿ. ಬೆಳಿಗ್ಗೆ ಅಳೆದು ನೀರಿಡಿ, ಮಾರನೆಯ ಬೆಳಿಗ್ಗೆ ಉಳಿದದ್ದನ್ನು ಅಳೆಯಿರಿ. ಮಾಮೂಲಿ ನಾಯಿ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ ಸುಮಾರು 40ರಿಂದ 60 ಎಂ.ಎಲ್. ಕುಡಿಯುತ್ತದೆ. 100 ಎಂ.ಎಲ್. ದಾಟಿದರೆ ಅದು ಜಾಸ್ತಿ. ಅಂದರೆ 10 ಕೆ.ಜಿ. ನಾಯಿ ಒಂದು ಲೀಟರಿಗಿಂತ ಹೆಚ್ಚು ಕುಡಿಯುತ್ತಿದ್ದರೆ ಏನೋ ತೊಂದರೆ ಇದೆ ಅಂತಲೇ ಅರ್ಥ. ಕುಶಿಂಗ್ ಅಲ್ಲದಿದ್ದರೆ ಸಕ್ಕರೆ ಕಾಯಿಲೆ ಇರಬಹುದು, ಕಿಡ್ನಿ ತೊಂದರೆ ಇರಬಹುದು, ಆಪರೇಷನ್ ಆಗದ ಹೆಣ್ಣು ನಾಯಿಗೆ ಗರ್ಭಕೋಶದ ಸೋಂಕು ಇರಬಹುದು. ಸಾಮಾನ್ಯ ರಕ್ತ, ಮೂತ್ರ ಪರೀಕ್ಷೆ ಊರಲ್ಲೇ ಮಾಡಿಸಿ. ಕುಶಿಂಗ್ ಇದ್ದರೆ ಲಿವರ್ ಪಟ್ಟಿಯಲ್ಲಿ ಎ.ಎಲ್.ಪಿ. ಎಂಬ ಅಂಕಿ ತುಂಬಾ ಏರಿರುವುದು, ಕೊಲೆಸ್ಟ್ರಾಲ್ ಏರಿರುವುದು, ಮೂತ್ರ ನೀರಿನಂತೆ ತೆಳುವಾಗಿರುವುದು ಸಾಮಾನ್ಯ. ಇವು ಸುಳಿವು ಮಾತ್ರ. ಎ.ಎಲ್.ಪಿ. ಏರಿದೆ ಅನ್ನುವ ಒಂದೇ ಕಾರಣಕ್ಕೆ ಕುಶಿಂಗ್ ಔಷಧಿ ಶುರು ಮಾಡುವುದು ತಪ್ಪು.

ಮುಂದಿನ ಹಂತದಲ್ಲಿ ಆಯ್ಕೆಗಳಿವೆ. ದೂರದ ಊರಿನವರಿಗೆ ನಾನು ಮೊದಲು ಹೇಳುವುದು ಮೂತ್ರದ ಕಾರ್ಟಿಸೋಲ್ ಮತ್ತು ಕ್ರಿಯಾಟಿನಿನ್ ಅನುಪಾತದ ಪರೀಕ್ಷೆ. ಬೆಳಿಗ್ಗೆ ಮೊದಲ ಮೂತ್ರವನ್ನು ಮನೆಯಲ್ಲೇ ಹಿಡಿದು ಲ್ಯಾಬಿಗೆ ಕಳಿಸುವುದು. ನಾಯಿ ಪ್ರಯಾಣ ಮಾಡಬೇಕಿಲ್ಲ, ಸೂಜಿ ಇಲ್ಲ. ಹಳೆಯ ಸೌಟಿಗೆ ಉದ್ದ ಕೋಲು ಕಟ್ಟಿಕೊಂಡರೆ ನಾಯಿ ಕೂತ ತಕ್ಷಣ ಹಿಂದಿನಿಂದ ಮೆಲ್ಲಗೆ ತೂರಿಸಬಹುದು. ಹತ್ತಿರ ಬಗ್ಗಿದರೆ ಅದು ಎದ್ದುಬಿಡುತ್ತದೆ. ಫಲಿತಾಂಶ ಮಾಮೂಲಿ ಬಂದರೆ ಕುಶಿಂಗ್ ಇರುವ ಸಾಧ್ಯತೆ ಬಹಳ ಕಡಿಮೆ, ಅಲ್ಲಿಗೇ ದೊಡ್ಡ ಖರ್ಚು ತಪ್ಪಿತು. ಆದರೆ ಹೆಚ್ಚು ಬಂದರೆ ಕುಶಿಂಗ್ ಇದೆ ಅಂತ ಹೇಳಲು ಆಗದು. ಬೇರೆ ಕಾಯಿಲೆಯಿಂದಲೂ, ಬರೀ ಹೆದರಿಕೆಯಿಂದಲೂ ಅದು ಏರುತ್ತದೆ. ಆಸ್ಪತ್ರೆಗೆ ಹೋಗಿಬಂದು ಎರಡು ಮೂರು ದಿನ ಕಳೆದ ಮೇಲೆಯೇ ಮೂತ್ರ ಹಿಡಿಯಿರಿ.

ಹೆಚ್ಚು ಬಂದರೆ ಡೆಕ್ಸಾಮೆಥಾಸೋನ್ ಪರೀಕ್ಷೆ. ಬಹಳ ಕಡಿಮೆ ಅಳತೆಯ ಒಂದು ಇಂಜೆಕ್ಷನ್ ಕೊಟ್ಟು, ಅದಕ್ಕೂ ಮೊದಲು ಒಮ್ಮೆ, 4 ಗಂಟೆಗೆ ಒಮ್ಮೆ, 8 ಗಂಟೆಗೆ ಒಮ್ಮೆ ರಕ್ತ ತೆಗೆಯುತ್ತಾರೆ. ಆರೋಗ್ಯವಂತ ನಾಯಿಯಲ್ಲಿ ಕಾರ್ಟಿಸೋಲ್ ಇಳಿದು ಇಳಿದೇ ಇರುತ್ತದೆ. 8 ಗಂಟೆಯ ಹೊತ್ತಿಗೆ ಡೆಸಿಲೀಟರಿಗೆ ಸುಮಾರು 1.4 ಮೈಕ್ರೋಗ್ರಾಂಗಿಂತ ಮೇಲಿದ್ದರೆ ಕುಶಿಂಗ್ ಕಡೆಗೆ ಬೊಟ್ಟು ಮಾಡುತ್ತದೆ. ಇದಕ್ಕೆ ಒಂದು ಪೂರ್ತಿ ದಿನ ಬೇಕು. ಬೆಳಿಗ್ಗೆ ಬೇಗ ತಲುಪಿ, ನಾಯಿ ಸ್ವಲ್ಪ ಸುಧಾರಿಸಿಕೊಂಡ ಮೇಲೆ ಶುರು ಮಾಡಲು ಕೇಳಿಕೊಳ್ಳಿ.

ಇನ್ನೊಂದು ಎ.ಸಿ.ಟಿ.ಎಚ್. ಪರೀಕ್ಷೆ. ಗ್ರಂಥಿಯನ್ನು ಕೆಣಕುವ ಇಂಜೆಕ್ಷನ್ ಕೊಟ್ಟು, ಒಂದು ಗಂಟೆ ಆದ ಮೇಲೆ ರಕ್ತ ತೆಗೆಯುತ್ತಾರೆ. ಬೇಗ ಮುಗಿಯುತ್ತದೆ. ಆದರೆ ಆ ಇಂಜೆಕ್ಷನ್ ಎಲ್ಲ ಕಡೆ ಸಿಗುವುದಿಲ್ಲ, ಅಗ್ಗವೂ ಅಲ್ಲ. ಕಾಯಿಲೆ ಹಿಡಿಯುವುದರಲ್ಲಿ ಡೆಕ್ಸಾಮೆಥಾಸೋನ್ ಪರೀಕ್ಷೆಗಿಂತ ಇದು ಹೆಚ್ಚು ನಾಯಿಗಳನ್ನು ಕೈಬಿಡುತ್ತದೆ. ಹಾಗಾಗಿ ಕಾಯಿಲೆ ಇದೆಯಾ ಅಂತ ನೋಡಲು ಡೆಕ್ಸಾಮೆಥಾಸೋನ್ ಪರೀಕ್ಷೆಗೇ ದುಡ್ಡು ಹಾಕಿ. ಸ್ಟೆರಾಯ್ಡಿನಿಂದ ಬಂದ ಕುಶಿಂಗ್ ಅನ್ನುವ ಅನುಮಾನ ಇದ್ದರೆ ಮಾತ್ರ ಎ.ಸಿ.ಟಿ.ಎಚ್. ಪರೀಕ್ಷೆಯೇ ಸರಿಯಾದದ್ದು.

ಹೊಟ್ಟೆಯ ಸ್ಕ್ಯಾನಿಂಗ್ ಒಂದು ಸಲವಾದರೂ ಬೇಕು. ಈ ಕಾಯಿಲೆ ಬಂದ ನೂರು ನಾಯಿಗಳಲ್ಲಿ 80ರಿಂದ 85ಕ್ಕೆ ತೊಂದರೆ ಇರುವುದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ. ಅಲ್ಲಿ ಸಣ್ಣ ಗಡ್ಡೆ ಬೆಳೆದು ಅಡ್ರಿನಲ್‌ಗೆ ಕೆಲಸ ಮಾಡು, ಕೆಲಸ ಮಾಡು ಅಂತ ಹುಕುಂ ಕಳಿಸುತ್ತಲೇ ಇರುತ್ತದೆ. ಇಂಥವಕ್ಕೆ ಎರಡೂ ಅಡ್ರಿನಲ್ ಊದಿಕೊಂಡಿರುತ್ತವೆ. ಉಳಿದ ನಾಯಿಗಳಲ್ಲಿ ಅಡ್ರಿನಲ್‌ನಲ್ಲೇ ಗಡ್ಡೆ. ಆಗ ಒಂದು ದೊಡ್ಡದು, ಇನ್ನೊಂದು ಸೊರಗಿದ್ದು. ಅಂಥ ಗಡ್ಡೆಗಳಲ್ಲಿ ಸುಮಾರು ಅರ್ಧ ಕ್ಯಾನ್ಸರ್. ಅದು ಹರಡದೆ ಇದ್ದರೆ ಆಪರೇಷನ್ ಮಾಡಿ ತೆಗೆದು ವಾಸಿ ಮಾಡುವ ಅವಕಾಶ ಇದೆ. ಆಪರೇಷನ್ ದೊಡ್ಡದು, ಕೈ ಪಳಗಿದ ತಂಡ ಬೇಕು. ಸ್ಕ್ಯಾನಿಂಗ್ ಮಾಡಿಸದೆ ವರ್ಷಗಟ್ಟಲೆ ಮಾತ್ರೆ ಕೊಟ್ಟರೆ ಈ ಅವಕಾಶ ಗೊತ್ತೇ ಆಗದೆ ಹೋಗುತ್ತದೆ.

ಮನುಷ್ಯರ ಲ್ಯಾಬಿಗೆ ರಕ್ತ ಕೊಡುವುದಾದರೆ ಒಂದು ಎಚ್ಚರ. ವರದಿಯ ಬದಿಯಲ್ಲಿ ಅಚ್ಚಾಗಿರುವ ನಾರ್ಮಲ್ ಅಂಕಿ ಮನುಷ್ಯರದು. ಅದನ್ನು ನೋಡಿ ಸಮಾಧಾನವೂ ಬೇಡ, ಗಾಬರಿಯೂ ಬೇಡ. ಕೆಲವು ಲ್ಯಾಬುಗಳು ಕಾರ್ಟಿಸೋಲನ್ನು ನ್ಯಾನೋಮೋಲ್ ಲೆಕ್ಕದಲ್ಲಿ ಕೊಡುತ್ತವೆ. ಅದನ್ನು 27.6ರಿಂದ ಭಾಗಿಸಿದರೆ ಮೈಕ್ರೋಗ್ರಾಂ ಲೆಕ್ಕ ಸಿಗುತ್ತದೆ. ಆದಷ್ಟು ಪ್ರತಿ ಸಲ ಒಂದೇ ಲ್ಯಾಬ್ ಹಿಡಿಯಿರಿ.

ಔಷಧಿಗಳ ಹೋಲಿಕೆ

ಟ್ರೈಲೋಸ್ಟೇನ್. ಇವತ್ತು ಹೆಚ್ಚಿನ ಡಾಕ್ಟರುಗಳು ಬರೆಯುವುದು ಇದನ್ನೇ. ನಾಯಿಗಳಿಗೆಂದೇ ಮಾಡಿದ ವೆಟೊರಿಲ್ ಎಂಬ ಕ್ಯಾಪ್ಸೂಲ್‌ಗೆ ಅಮೆರಿಕದ ಔಷಧ ಇಲಾಖೆ 2008ರಲ್ಲಿ ಒಪ್ಪಿಗೆ ಕೊಟ್ಟಿತು. ಇದು ಕಾರ್ಟಿಸೋಲ್ ತಯಾರಾಗುವ ದಾರಿಯಲ್ಲಿ ಒಂದು ಕಿಣ್ವವನ್ನು ತಡೆಯುತ್ತದೆ. ಗ್ರಂಥಿಯನ್ನು ಸುಡುವುದಿಲ್ಲ. ಹೆಚ್ಚಾದರೆ ನಿಲ್ಲಿಸಬಹುದು, ಸಾಮಾನ್ಯವಾಗಿ ಗ್ರಂಥಿ ಮತ್ತೆ ಕೆಲಸಕ್ಕೆ ಬರುತ್ತದೆ. ಅಪರೂಪಕ್ಕೆ ಮಾತ್ರ ಗ್ರಂಥಿಗೆ ಶಾಶ್ವತ ಹಾನಿ ಆಗುವುದುಂಟು. ಡಾಕ್ಟರು ರಾತ್ರಿಯಿಡೀ ಹತ್ತಿರದಲ್ಲಿ ಸಿಗದ ನಮ್ಮಂಥ ಊರಿನವರಿಗೆ ಈ ಗುಣ ಬಹಳ ದೊಡ್ಡದು. ಪಿಟ್ಯುಟರಿ, ಅಡ್ರಿನಲ್ ಎರಡೂ ಬಗೆಗೆ ಕೆಲಸ ಮಾಡುತ್ತದೆ. ಕಿಡ್ನಿ ಅಥವಾ ಲಿವರ್ ಕೆಟ್ಟಿರುವ ನಾಯಿಗೆ ಕೊಡುವಂತಿಲ್ಲ. ಹೃದಯಕ್ಕೆ ಎನಲಾಪ್ರಿಲ್, ಬೆನಜೆಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ತಿನ್ನುತ್ತಿದ್ದರೆ ಮೊದಲೇ ಹೇಳಿ. ಜೊತೆಯಾದರೆ ಪೊಟ್ಯಾಷಿಯಂ ಏರಬಹುದು.

ಮೈಟೋಟೇನ್. ಟ್ರೈಲೋಸ್ಟೇನ್ ಬರುವ ಮೊದಲು ದಶಕಗಟ್ಟಲೆ ಇದೇ ಮುಖ್ಯ ಔಷಧಿ. ಡಿಡಿಟಿ ಕುಟುಂಬದ ರಾಸಾಯನಿಕ. ಅಡ್ರಿನಲ್‌ನ ಹೊರಪದರವನ್ನೇ ನಾಶ ಮಾಡುತ್ತದೆ. ಮೊದಲು ಕೆಲವು ದಿನ ಪ್ರತಿದಿನ ಕೊಟ್ಟು, ನಾಯಿಯ ಹಸಿವು, ಬಾಯಾರಿಕೆ ಇಳಿದ ಕ್ಷಣ ನಿಲ್ಲಿಸಿ, ಆಮೇಲೆ ವಾರಕ್ಕೆ ಇಷ್ಟು ಅಂತ ಕೊಡುತ್ತಾರೆ. ಮೊದಲ ಹಂತದಲ್ಲಿ ಮನೆಯಲ್ಲಿ ಯಾರಾದರೂ ನಾಯಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿರಬೇಕು. ಒಂದು ದಿನ ತಡವಾದರೂ ಗ್ರಂಥಿ ಹೆಚ್ಚು ಹಾಳಾಗಬಹುದು, ಅದು ಮತ್ತೆ ಬರದೆಯೂ ಇರಬಹುದು. ಸುಮಾರು ಅರ್ಧದಷ್ಟು ನಾಯಿಗಳಿಗೆ ಒಂದು ವರ್ಷದೊಳಗೆ ಲಕ್ಷಣ ಮರಳುತ್ತದೆ. ವಾರದ ಲೆಕ್ಕದ ಔಷಧಿ ಆದ್ದರಿಂದ ಅಗ್ಗ ಬೀಳಬಹುದು ಅನ್ನಿಸುತ್ತದೆ. ಇದು ಮನುಷ್ಯರ ಕ್ಯಾನ್ಸರ್ ಔಷಧಿ, ಬೆಲೆಯೂ ಹಾಗೇ ಇರುತ್ತದೆ. ಅನುಭವ ಇರುವ ಡಾಕ್ಟರು ಹತ್ತಿರದಲ್ಲೇ ಇಲ್ಲದಿದ್ದರೆ ಇದು ಬೇಡ.

ಕೀಟೋಕೊನಜೋಲ್. ಫಂಗಸ್ ಸೋಂಕಿನ ಮಾತ್ರೆ. ಮನುಷ್ಯರ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಟ್ರೈಲೋಸ್ಟೇನ್ ಮುಂದೆ ಬೆಲೆ ತೀರಾ ಕಡಿಮೆ. ಕಾರ್ಟಿಸೋಲ್ ತಯಾರಿಕೆಯನ್ನೂ ತಡೆಯುತ್ತದೆ, ಅದಕ್ಕೇ ಹಿಂದೆ ಬಳಸುತ್ತಿದ್ದರು, ಈಗಲೂ ದುಡ್ಡಿಲ್ಲ ಅಂದಾಗ ಕೆಲವರು ಬರೆಯುತ್ತಾರೆ. ಸುಮಾರು ನಾಲ್ಕರಲ್ಲಿ ಒಂದು ನಾಯಿಗೆ ಇದು ಹತ್ತುವುದೇ ಇಲ್ಲ. ವಾಂತಿ, ಊಟ ಬಿಡುವುದು, ಲಿವರ್ ತೊಂದರೆ ಇದರ ಜೊತೆ ಬರುತ್ತವೆ. ಕುಶಿಂಗ್ ನಾಯಿಯ ಲಿವರ್ ಅಂಕಿಗಳು ಮೊದಲೇ ಏರಿರುವುದರಿಂದ ಹೊಸ ಹಾನಿ ಗುರುತಿಸುವುದೂ ಕಷ್ಟ. ಎಷ್ಟೋ ಮನೆಗಳಿಗೆ ಕೈಗೆಟುಕುವುದು ಇದೊಂದೇ ಅನ್ನೋದು ನನಗೆ ಗೊತ್ತು. ಆದರೆ ಲಿವರ್ ಪರೀಕ್ಷೆಯ ದುಡ್ಡನ್ನೂ ಸೇರಿಸಿ ಲೆಕ್ಕ ಹಾಕಿ. ಪರೀಕ್ಷೆ ಮಾಡಿಸದೆ ಇದನ್ನು ತಿಂಗಳುಗಟ್ಟಲೆ ಕೊಡುವುದಕ್ಕಿಂತ ಏನೂ ಕೊಡದಿರುವುದು ವಾಸಿ.

ಸೆಲೆಜಿಲಿನ್ ಬಗ್ಗೆ ಹೆಚ್ಚು ಹೇಳಲು ಇಲ್ಲ. ಸುರಕ್ಷಿತ, ಆದರೆ ಪಿಟ್ಯುಟರಿಯ ಒಂದು ಭಾಗದಿಂದ ಬಂದ ಕಾಯಿಲೆಗೆ ಮಾತ್ರ ಕೆಲಸ ಮಾಡುತ್ತದೆ. ಹೆಚ್ಚಿನ ನಾಯಿಗಳಿಗೆ ಪ್ರಯೋಜನ ಇಲ್ಲ. ಗಿಡಮೂಲಿಕೆಯ ಹನಿ, ಪುಡಿ ಅಂತ ಮಾರುವ ಯಾವುದೂ ಕಾರ್ಟಿಸೋಲ್ ಇಳಿಸುತ್ತದೆ ಅಂತ ಸಾಬೀತಾಗಿಲ್ಲ. ಆ ದುಡ್ಡು ರಕ್ತ ಪರೀಕ್ಷೆಗೆ ಇಡಿ.

ದಿನಕ್ಕೆ ಒಂದು ಸಲವೋ ಎರಡು ಸಲವೋ

ಟ್ರೈಲೋಸ್ಟೇನ್ ಆರಿಸಿದವರಿಗೆ ನಿಜವಾದ ಖರ್ಚಿನ ಲೆಕ್ಕ ಇಲ್ಲಿದೆ. ವೆಟೊರಿಲ್ 5, 10, 30, 60, 120 ಎಂ.ಜಿ. ಕ್ಯಾಪ್ಸೂಲ್‌ಗಳಲ್ಲಿ ಬರುತ್ತದೆ, ಪೆಟ್ಟಿಗೆಗೆ 30. ನಿಮ್ಮ ಕೈಗೆ ಎಲ್ಲ ಅಳತೆಯೂ ಸಿಗದಿರಬಹುದು. ಹಳೆಯ ಪದ್ಧತಿಯಲ್ಲಿ ದೊಡ್ಡ ಡೋಸಿನಿಂದ ಶುರು ಮಾಡುತ್ತಿದ್ದರು. ಈಗ ಬಹಳ ಡಾಕ್ಟರುಗಳು ಕೆ.ಜಿ.ಗೆ ಸುಮಾರು 2 ಎಂ.ಜಿ. ದಿನಕ್ಕೊಮ್ಮೆ, ಇಲ್ಲವೇ 1 ಎಂ.ಜಿ.ಯಂತೆ ದಿನಕ್ಕೆ ಎರಡು ಸಲ ಶುರು ಮಾಡಿ ನಿಧಾನಕ್ಕೆ ಏರಿಸುತ್ತಾರೆ. ಕಡಿಮೆಯಿಂದ ಶುರು ಮಾಡುವುದು ಜೇಬಿಗೂ ಒಳ್ಳೆಯದು, ನಾಯಿಗೂ ಒಳ್ಳೆಯದು. ನಿಮ್ಮ ನಾಯಿಯ ಡೋಸ್ ಎಷ್ಟು ಅನ್ನೋದು ಡಾಕ್ಟರ ಕೆಲಸ. ನಾನು ಹೇಳುತ್ತಿರುವುದು ಕ್ಯಾಪ್ಸೂಲ್ ಲೆಕ್ಕ ಮಾತ್ರ.

10 ಕೆ.ಜಿ. ಸ್ಪಿಟ್ಜ್ ಅಂದುಕೊಳ್ಳಿ. ದಿನಕ್ಕೆ 20 ಎಂ.ಜಿ. ಬೇಕು. 20ರ ಕ್ಯಾಪ್ಸೂಲ್ ಇಲ್ಲ. ಒಂದೇ ಸಲ ಕೊಟ್ಟರೂ 10ರದು ಎರಡು, ಬೆಳಿಗ್ಗೆ ಸಂಜೆ ಹಂಚಿದರೂ 10ರದು ಎರಡು. ತಿಂಗಳಿಗೆ ಎರಡು ಪೆಟ್ಟಿಗೆ, ಖರ್ಚು ಒಂದೇ. ಹಾಗಿದ್ದ ಮೇಲೆ ಎರಡು ಸಲ ಕೊಡಿ ಅನ್ನುತ್ತೇನೆ. ಈ ಔಷಧಿಯ ಪ್ರಭಾವ ಎಷ್ಟೋ ನಾಯಿಗಳಲ್ಲಿ 24 ಗಂಟೆ ನಿಲ್ಲುವುದಿಲ್ಲ. ಬೆಳಿಗ್ಗೆ ಮಾತ್ರ ಕೊಟ್ಟರೆ ರಾತ್ರಿ ಹೊತ್ತು ಮತ್ತೆ ನೀರು, ಮತ್ತೆ ಮೂತ್ರ. ಪಿಂಕಿಗೆ ಎರಡು ಸಲಕ್ಕೆ ಬದಲಾಯಿಸಿದ ಮೇಲೆಯೇ ನಮ್ಮ ಮನೆಯಲ್ಲಿ ಎಲ್ಲರೂ ನಿದ್ದೆ ಮಾಡಿದ್ದು.

ಈಗ 30 ಕೆ.ಜಿ. ಲ್ಯಾಬ್ರಡಾರ್. ದಿನಕ್ಕೆ 60 ಎಂ.ಜಿ. ಒಂದೇ ಸಲ ಅಂದರೆ 60ರ ಒಂದು ಪೆಟ್ಟಿಗೆ ಸಾಕು. ಎರಡು ಸಲ ಅಂದರೆ 30ರ ಎರಡು ಪೆಟ್ಟಿಗೆ. ಸಾಮಾನ್ಯವಾಗಿ ದೊಡ್ಡ ಕ್ಯಾಪ್ಸೂಲ್‌ನಲ್ಲಿ ಒಂದು ಎಂ.ಜಿ.ಗೆ ಬೀಳುವ ಬೆಲೆ ಕಡಿಮೆ. ಇಲ್ಲಿ ವ್ಯತ್ಯಾಸ ಕೈಗೆ ತಟ್ಟುತ್ತದೆ. ದೊಡ್ಡ ನಾಯಿಗೆ ಒಂದು ಸಲದಿಂದ ಶುರು ಮಾಡಿ, ರಾತ್ರಿ ಲಕ್ಷಣ ಉಳಿದರೆ ಮಾತ್ರ ಎರಡಕ್ಕೆ ಹೋಗುವ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಅಂಗಡಿಯಲ್ಲಿ ಪೆಟ್ಟಿಗೆಯ ಬೆಲೆ ಕೇಳಿ ಸುಮ್ಮನಾಗಬೇಡಿ. ಬೆಲೆಯನ್ನು ಒಟ್ಟು ಎಂ.ಜಿ.ಯಿಂದ ಭಾಗಿಸಿ ನೋಡಿ.

ದೊಡ್ಡ ಕ್ಯಾಪ್ಸೂಲ್ ತಂದು ಬಿಚ್ಚಿ ಅರ್ಧ ಮಾಡಿದರೆ ಉಳಿತಾಯ ಅಲ್ವಾ ಅಂತ ಬಹಳ ಜನ ಕೇಳುತ್ತಾರೆ. ಮಾಡಬೇಡಿ. ಪುಡಿ ಸಮ ಭಾಗ ಆಗುವುದಿಲ್ಲ, ಒಂದು ದಿನ ಜಾಸ್ತಿ, ಒಂದು ದಿನ ಕಡಿಮೆ. ಆ ಪುಡಿ ಗರ್ಭಿಣಿಯರಿಗೆ ಒಳ್ಳೆಯದಲ್ಲ. ಹೆರಿಗೆಗೆ ತವರಿಗೆ ಬಂದ ಮಗಳು, ಮಗುವಿಗೆ ಪ್ರಯತ್ನ ಮಾಡುತ್ತಿರುವ ಸೊಸೆ ಮನೆಯಲ್ಲಿದ್ದರೆ ಕ್ಯಾಪ್ಸೂಲ್ ಕೊಡುವ ಕೆಲಸ ಬೇರೆಯವರು ಮಾಡಲಿ, ಕೊಟ್ಟ ಮೇಲೆ ಕೈ ತೊಳೆಯಲಿ. ಸಣ್ಣ ಡೋಸ್ ಬೇಕೆಂದು ಬೇರೆ ಕಡೆ ಅಳತೆ ಮಾಡಿ ತುಂಬಿಸಿಕೊಟ್ಟ ಕ್ಯಾಪ್ಸೂಲ್ ಬಳಸುವುದಾದರೂ ಎಚ್ಚರ ಇರಲಿ. ಅವುಗಳಲ್ಲಿ ಔಷಧಿಯ ಪ್ರಮಾಣ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರದಿರಬಹುದು. ಬದಲಾಯಿಸಿದಾಗೆಲ್ಲ ರಕ್ತ ಪರೀಕ್ಷೆ ಮಾಡಿಸಬೇಕು.

ನಮ್ಮ ಜಿಲ್ಲೆಗಳ ಔಷಧಿ ಅಂಗಡಿಗಳಲ್ಲಿ ಇದು ಕೇಳಿದ ತಕ್ಷಣ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಹತ್ತು ಹದಿನೈದು ದಿನದ ಔಷಧಿ ಯಾವಾಗಲೂ ಕೈಯಲ್ಲಿರಲಿ. ಆದರೆ ಮೊದಲ ತಿಂಗಳಲ್ಲೇ ಮೂರು ನಾಲ್ಕು ಪೆಟ್ಟಿಗೆ ಕೂಡಿಡಬೇಡಿ. ಆಗ ಡೋಸ್ ಬದಲಾಗುವ ಸಾಧ್ಯತೆ ಜಾಸ್ತಿ, ತಂದದ್ದು ದಂಡ ಆಗುತ್ತದೆ.

ತಪಾಸಣೆಯ ಖರ್ಚು

ಮಾತ್ರೆಗಿಂತ ಇದೇ ಜನರನ್ನು ಸುಸ್ತು ಮಾಡುವುದು. ಶುರು ಮಾಡಿ 10ರಿಂದ 14 ದಿನಕ್ಕೆ ಒಮ್ಮೆ, 4 ವಾರಕ್ಕೆ, 12 ವಾರಕ್ಕೆ, ಆಮೇಲೆ ಮೂರು ತಿಂಗಳಿಗೊಮ್ಮೆ ನೋಡಬೇಕು. ಡೋಸ್ ಬದಲಾದರೆ ಮತ್ತೆ ಮೊದಲಿನಿಂದ.

ಎ.ಸಿ.ಟಿ.ಎಚ್. ಪರೀಕ್ಷೆಯನ್ನು ಕ್ಯಾಪ್ಸೂಲ್ ಕೊಟ್ಟ 4ರಿಂದ 6 ಗಂಟೆಯೊಳಗೆ ಮಾಡಬೇಕು. ಇಂಜೆಕ್ಷನ್ ಆದ ಮೇಲಿನ ಅಂಕಿ 1.45ರಿಂದ 5.4 ಮೈಕ್ರೋಗ್ರಾಂ ಇದ್ದರೆ ಚೆನ್ನಾಗಿದೆ. 9.1ರ ತನಕ ಇದ್ದು ನಾಯಿ ಗೆಲುವಾಗಿದ್ದರೆ ಡೋಸ್ ಮುಟ್ಟದೆ ಬಿಡಬಹುದು. 1.45ಕ್ಕಿಂತ ಕೆಳಗೆ ಹೋದರೆ ಔಷಧಿ ನಿಲ್ಲಿಸಿ ಡಾಕ್ಟರ ಮಾತು ಕೇಳಬೇಕು. ಇದರ ಬದಲು ಕ್ಯಾಪ್ಸೂಲ್ ಕೊಡುವ ಮುಂಚೆ ಒಂದೇ ಸಲ ರಕ್ತ ತೆಗೆದು ಕಾರ್ಟಿಸೋಲ್ ನೋಡುವ ಪದ್ಧತಿಯೂ ಇದೆ. ದುಬಾರಿ ಇಂಜೆಕ್ಷನ್ ಬೇಡ, ಒಂದೇ ಸೂಜಿ. ಸ್ಥಿರವಾಗಿರುವ, ಚೆನ್ನಾಗಿ ಊಟ ಮಾಡುತ್ತಿರುವ, ಹೊಡೆದಾಡದೆ ರಕ್ತ ಕೊಡುವ ನಾಯಿಗೆ ನನ್ನ ಆಯ್ಕೆ ಇದೇ. ಆಸ್ಪತ್ರೆ ಕಂಡರೆ ನಡುಗುವ ನಾಯಿಗೆ ಅಂಕಿ ಸುಳ್ಳಾಗಿ ಏರುತ್ತದೆ, ಅದಕ್ಕೆ ಬೇಡ. ನಾಯಿ ಮಂಕಾಗಿದ್ದಾಗಲೂ ಇದು ಸಾಲದು, ಆಗ ಪೂರ್ತಿ ಪರೀಕ್ಷೆಯೇ ಬೇಕು.

ಎರಡಕ್ಕೂ ನಿಯಮ ತಲೆಕೆಳಗು ಅನ್ನೋದು ನೆನಪಿರಲಿ. ಮೊದಲನೆಯದಕ್ಕೆ ಬೆಳಿಗ್ಗೆ ಊಟ, ಕ್ಯಾಪ್ಸೂಲ್ ಎರಡೂ ಕೊಟ್ಟೇ ಹೊರಡಬೇಕು. ಎರಡನೆಯದಕ್ಕೆ ಕ್ಯಾಪ್ಸೂಲ್ ಕೊಡದೆ ಹೋಗಬೇಕು, ರಕ್ತ ಕೊಟ್ಟ ಮೇಲೆ ಊಟದ ಜೊತೆ ಕೊಡಬೇಕು. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಯಾವ ಪರೀಕ್ಷೆ ಅಂತ ಕೇಳಿ ಬರೆದುಕೊಳ್ಳಿ. ತುಮಕೂರಿನಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗುವವರು ಏಳಕ್ಕೆ ಕ್ಯಾಪ್ಸೂಲ್ ಕೊಟ್ಟು ಹೊರಟರೆ ನೆಲಮಂಗಲ, ಗೊರಗುಂಟೆಪಾಳ್ಯದ ಟ್ರಾಫಿಕ್ ದಾಟಿ ಹತ್ತರ ಹೊತ್ತಿಗೆ ತಲುಪಿ, ನಾಯಿಗೆ ಒಂದು ಗಂಟೆ ಸುಧಾರಿಸಿಕೊಳ್ಳಲು ಬಿಟ್ಟು, ಹನ್ನೊಂದಕ್ಕೆ ಪರೀಕ್ಷೆ ಶುರು ಮಾಡಿಸಬಹುದು. ಚಿಕ್ಕಬಳ್ಳಾಪುರದವರಿಗೆ ಇದು ಸುಲಭ. ಬಳ್ಳಾರಿ ರಸ್ತೆಯಲ್ಲಿ ನೇರ ಬಂದರೆ ಹೆಬ್ಬಾಳವೇ. ಕೋಲಾರದವರು ಊರು ದಾಟಿ ಬರಬೇಕು, ಇನ್ನೂ ಬೇಗ ಹೊರಡಿ.

ಪ್ರತಿಯೊಂದಕ್ಕೂ ಬೆಂಗಳೂರಿಗೆ ಓಡುವ ಅಗತ್ಯ ಇಲ್ಲ. ತೂಕ, ಮೂತ್ರದ ಸೋಂಕು, ಕಿಡ್ನಿ, ಸೋಡಿಯಂ, ಪೊಟ್ಯಾಷಿಯಂ ಎಲ್ಲ ಆದಷ್ಟು ಊರಿನ ಡಾಕ್ಟರ ಹತ್ತಿರ ಮಾಡಿಸಿ, ವರದಿಯ ಫೋಟೋ ಕಳಿಸಿದರೆ ನೋಡಲು ಒಪ್ಪುವ ಬೆಂಗಳೂರಿನ ಡಾಕ್ಟರನ್ನು ಹುಡುಕಿ. ಇಬ್ಬರು ಡಾಕ್ಟರೂ ಒಬ್ಬರಿಗೊಬ್ಬರು ಗೊತ್ತಿದ್ದರೆ ಅರ್ಧ ಓಡಾಟ ಉಳಿಯುತ್ತದೆ. ಮನೆಯಲ್ಲಿ ಒಂದು ಕ್ಯಾಲೆಂಡರಿನ ಮೇಲೆ ದಿನಾ ನೀರಿನ ಅಳತೆ ಬರೆಯಿರಿ. ಡೋಸ್ ಸರಿಯಿದೆಯಾ ಅನ್ನೋದಕ್ಕೆ ಆ ಪಟ್ಟಿ ರಕ್ತ ಪರೀಕ್ಷೆಯಷ್ಟೇ ಬೆಲೆಯುಳ್ಳದ್ದು. ನೀರು, ಹಸಿವು ಕೆಲವೇ ವಾರದಲ್ಲಿ ಇಳಿಯಬೇಕು. ಕೂದಲು ಬರಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಕೂದಲು ಬಂದಿಲ್ಲ ಅಂತ ಡೋಸ್ ಏರಿಸಲು ಆತುರ ಬೇಡ.

ವಿಮೆ ಇದಕ್ಕೆ ನೆರವಾಗುವುದು ಕಷ್ಟ. ಕಾಯಿಲೆ ಗೊತ್ತಾದ ಮೇಲೆ ಮಾಡಿಸಿದ ಪಾಲಿಸಿಗಳಲ್ಲಿ ಆ ಕಾಯಿಲೆಗೆ ಹಣ ಬರುವುದಿಲ್ಲ.

ಔಷಧಿ ಕೊಡದಿರುವುದೂ ಒಂದು ಆಯ್ಕೆ

ಇದನ್ನು ಹೇಳಲು ಹಿಂಜರಿಯುವವರೇ ಜಾಸ್ತಿ. ಲಕ್ಷಣ ತೀರಾ ಸಣ್ಣದಿದ್ದು, ನಾಯಿ ಆರಾಮಾಗಿದ್ದರೆ, ಔಷಧಿ ಶುರು ಮಾಡದೆ ಕಾದು ನೋಡಬಹುದು ಅಂತ ಡಾಕ್ಟರುಗಳೇ ಹೇಳುತ್ತಾರೆ. ವಯಸ್ಸು ಹದಿನಾಲ್ಕು ದಾಟಿ, ಕಿಡ್ನಿಯೂ ಕೆಟ್ಟಿದ್ದರೆ ಔಷಧಿಯ ಅಪಾಯವೇ ದೊಡ್ಡದಾಗಬಹುದು. ದುಡ್ಡಿನ ತೊಂದರೆಯಿಂದ ಔಷಧಿ ಬಿಡುವವರೂ ಪ್ರೀತಿ ಕಡಿಮೆ ಇರುವವರಲ್ಲ. ಮಕ್ಕಳ ಫೀಸು, ಬೆಳೆ ಸಾಲ ಇರುವ ಮನೆಗೆ ತಿಂಗಳು ತಿಂಗಳು ಈ ಖರ್ಚು ಸಣ್ಣದಲ್ಲ. ಆದರೆ ಬಿಡುವುದಾದರೆ ಗೊತ್ತಿದ್ದು ಬಿಡಿ. ಚಿಕಿತ್ಸೆ ಇಲ್ಲದ ಕುಶಿಂಗ್‌ನಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮತ್ತೆ ಮತ್ತೆ ಮೂತ್ರ ಮತ್ತು ಚರ್ಮದ ಸೋಂಕು, ಪ್ಯಾಂಕ್ರಿಯಾಸ್ ಊತ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಬರಬಹುದು. ಸೋಂಕುಗಳಿಗಾದರೂ ಚಿಕಿತ್ಸೆ ಕೊಡಿಸಿ. ಹೊರಗೆ ಬಿಡುವ ಸಮಯ ಹೆಚ್ಚಿಸಿ, ಮಲಗುವ ಕಡೆ ಒಣ ಗೋಣಿ ಬದಲಾಯಿಸುತ್ತಿರಿ.

ಒಂದು ತಿಂಗಳು ಕೊಟ್ಟು, ಎರಡು ತಿಂಗಳು ಬಿಟ್ಟು, ದುಡ್ಡು ಬಂದಾಗ ಮತ್ತೆ ಹಳೆಯ ಡೋಸಿನಿಂದ ಶುರು ಮಾಡುವುದು ಮಾತ್ರ ಬೇಡವೇ ಬೇಡ. ದುಡ್ಡೂ ಹೋಗುತ್ತದೆ, ನಾಯಿಗೂ ಹಿಡಿತ ಸಿಗುವುದಿಲ್ಲ.

ಮನೆಯಲ್ಲಿ ಊಟ, ನೀರು

ಟ್ರೈಲೋಸ್ಟೇನ್ ಖಾಲಿ ಹೊಟ್ಟೆಗೆ ಕೊಟ್ಟರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಊಟದ ಜೊತೆಯೇ ಕೊಡಬೇಕು. ನಮ್ಮ ಕಡೆಯ ರಾಗಿ ಮುದ್ದೆ ಇದಕ್ಕೆ ಹೇಳಿ ಮಾಡಿಸಿದ್ದು. ಆರಿದ ಮುದ್ದೆಯ ಸಣ್ಣ ತುತ್ತಿನೊಳಗೆ ಕ್ಯಾಪ್ಸೂಲ್ ಇಟ್ಟು ಉಂಡೆ ಮಾಡಿ, ಎಣ್ಣೆಯಿಲ್ಲದ ಕೋಳಿ ಸಾರಿನ ನೀರಲ್ಲಿ ಹೊರಳಿಸಿ ಕೊಟ್ಟರೆ ನಾಯಿಯೂ ನಮ್ಮ ಹಾಗೇ ಅಗಿಯದೆ ನುಂಗುತ್ತದೆ. ಮೊದಲು ಖಾಲಿ ತುತ್ತು, ಆಮೇಲೆ ಔಷಧಿಯ ತುತ್ತು, ಹಿಂದೆಯೇ ಇನ್ನೊಂದು ಖಾಲಿ ತುತ್ತು. ನಾಯಿಗೆ ಬೇಯಿಸುವ ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ ಹಾಕಬೇಡಿ, ಅವು ನಾಯಿಯ ರಕ್ತಕಣಗಳನ್ನು ಹಾಳು ಮಾಡುತ್ತವೆ. ಕೊಬ್ಬು, ಚರ್ಮ, ಕರಿದದ್ದು ಬೇಡ.

ಕುಶಿಂಗ್ ನಾಯಿಯ ಹಸಿವು ಮಾಮೂಲಿ ಹಸಿವಲ್ಲ. ಎಂದೂ ಕದಿಯದ ನಾಯಿ ತಿಪ್ಪೆಗೆ ಬಾಯಿ ಹಾಕುತ್ತದೆ. ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ತೋಟ ಇರುವವರು ಉದುರಿದ ಹಣ್ಣು ನಾಯಿಗೆ ಸಿಗದಂತೆ ನೋಡಿಕೊಳ್ಳಿ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸಬಲ್ಲವು. ಕಿಡ್ನಿ ಕೆಟ್ಟರೆ ಟ್ರೈಲೋಸ್ಟೇನ್ ದಾರಿಯೂ ಮುಚ್ಚುತ್ತದೆ. ಶ್ರೀನಿವಾಸಪುರದ ಕಡೆಯವರಿಗೆ ಮಾವಿನ ಕಾಲದಲ್ಲಿ ಓಟೆಯ ಭಯ. ನುಂಗಿದ ಓಟೆ ಕರುಳಲ್ಲಿ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ.

ನೀರಿನ ವಿಷಯ ಬಹಳ ಮುಖ್ಯ. ಟ್ಯಾಂಕರ್ ನೀರಿಗೆ ಕಾಯುವ ಊರುಗಳು ನಮ್ಮವು. ಮನೆಯೊಳಗೆ ಮೂತ್ರ ಮಾಡುತ್ತದೆ ಅಂತ ರಾತ್ರಿ ನೀರಿನ ಬೋಗುಣಿ ಎತ್ತಿಡುವವರೂ ಇದ್ದಾರೆ. ದಯವಿಟ್ಟು ಬೇಡ. ಈ ನಾಯಿ ಮೂತ್ರ ಜಾಸ್ತಿ ಹೋಗುವುದರಿಂದ ನೀರು ಕುಡಿಯುತ್ತದೆ. ನೀರು ಸಿಗದಿದ್ದರೂ ಮೂತ್ರ ಹೋಗುತ್ತಲೇ ಇರುತ್ತದೆ, ಮೈ ಒಣಗಿಹೋಗುತ್ತದೆ.

ಯಾವಾಗ ಔಷಧಿ ನಿಲ್ಲಿಸಬೇಕು

ನಾಯಿ ಊಟ ಬಿಟ್ಟರೆ, ವಾಂತಿ, ಭೇದಿ ಶುರುವಾದರೆ, ನಡುಗಿದರೆ, ಹಿಂಗಾಲು ಸೋತು ಕೂತರೆ ಮುಂದಿನ ಕ್ಯಾಪ್ಸೂಲ್ ಕೊಡಬೇಡಿ. ತಕ್ಷಣ ಡಾಕ್ಟರಿಗೆ ಫೋನ್ ಮಾಡಿ, ಅದೇ ದಿನ ತೋರಿಸಿ. ಕಾರ್ಟಿಸೋಲ್ ತೀರಾ ಇಳಿದುಹೋದರೆ ಸೋಡಿಯಂ ಬಿದ್ದು, ಪೊಟ್ಯಾಷಿಯಂ ಏರಿ, ಜೀವಕ್ಕೇ ಕುತ್ತು ಬರುತ್ತದೆ. ಡ್ರಿಪ್ ಮತ್ತು ಸ್ಟೆರಾಯ್ಡ್ ಬೇಕಾಗುತ್ತದೆ. ಕುಶಿಂಗ್ ನಾಯಿ ಊಟ ಬೇಡ ಅಂದರೆ ಅದನ್ನೇ ದೊಡ್ಡ ಎಚ್ಚರಿಕೆ ಅಂತ ತಿಳಿಯಿರಿ. ಒಂದು ಹೊತ್ತು ಔಷಧಿ ತಪ್ಪಿದರೆ ಏನೂ ಆಗದು. ಮುಂದಿನ ಹೊತ್ತಿಗೆ ಮಾಮೂಲಿ ಡೋಸ್ ಕೊಡಿ, ಎರಡು ಸೇರಿಸಿ ಕೊಡಬೇಡಿ. ಕಾರ್ಟಿಸೋಲ್ ಇಳಿದಾಗ ಅದರಡಿ ಮುಚ್ಚಿಹೋಗಿದ್ದ ಕೀಲುನೋವು, ಚರ್ಮದ ಅಲರ್ಜಿ ಹೊರಗೆ ಬರುವುದೂ ಉಂಟು. ಕುಂಟಿದರೆ ಮನೆಯಲ್ಲಿರುವ ನೋವಿನ ಮಾತ್ರೆ ಕೊಡದೆ ಡಾಕ್ಟರನ್ನು ಕೇಳಿ.

ಮೈಟೋಟೇನ್‌ನಿಂದ ಟ್ರೈಲೋಸ್ಟೇನ್‌ಗೆ ಬದಲಾಯಿಸುವುದಾದರೆ ನಡುವೆ ಸುಮಾರು ಒಂದು ತಿಂಗಳು ಬಿಟ್ಟು, ರಕ್ತ ಪರೀಕ್ಷೆ ಮಾಡಿಸಿ ಶುರು ಮಾಡುತ್ತಾರೆ. ಎರಡನ್ನೂ ಒಟ್ಟಿಗೆ ಕೊಡುವಂತಿಲ್ಲ. ಊರಿಗೆ ಹೋಗುವಾಗ ನಾಯಿಯನ್ನು ಬೇರೆಯವರ ಮನೆಯಲ್ಲಿ ಬಿಡುವುದಾದರೆ ಔಷಧಿಯ ಹೆಸರು, ಹೊತ್ತು, ನಿಲ್ಲಿಸಬೇಕಾದ ಲಕ್ಷಣಗಳು, ಡಾಕ್ಟರ ನಂಬರು ಇಷ್ಟನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅವರ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೋಗಿ.